ನಲ್ಲಿಯ ಜಾತಕ

ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆಂದು ಪಂಚಾಂಗದಲ್ಲಿ ಬರೆದಿರುತ್ತದೆ. ಲೋಕಲ್ ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನಲ್ಲಿ ಬರೆದಿರುತ್ತದೆ (ಬರುವ ವಿಚಾರ ಬೇರೆ). ಆದರೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಮಾತ್ರ ಯಾವ ದೇವರೂ ಯಾವ ಅಧಿಕಾರಿಯೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ತಾರಾನಾಥನ ಸಂಸಾರದ ಸಕಲ ಕಲಹಗಳಿಗೂ ಇದೇ ಮೂಲವಾಗಿತ್ತು. ಬೆಳಿಗ್ಗೆ ಐದೂವರೆಗೂ ಎಂಟಕ್ಕೂ ನಡುವೆ ಯಾವಾಗಲೋ ಬಂದು, ಮುಕ್ಕಾಲು ಗಂಟೆ ಇದ್ದು, ಹೇಳದೆ ಕೇಳದೆ ಹೊರಟುಹೋಗುವ ಆ ನೀರಿಗಾಗಿ ಅವನ ಹೆಂಡತಿ ಹರಿಣಾಕ್ಷಿ ಹನ್ನೊಂದು ವರ್ಷಗಳಿಂದ ಒಂದು ಕಿವಿ ತೆರೆದುಕೊಂಡೇ ಮಲಗುತ್ತಿದ್ದಳು. ನಲ್ಲಿ ಮೊದಲು ಕೆಮ್ಮಬೇಕು, ಆಮೇಲೆ ಗೊರಗೊರ ಎನ್ನಬೇಕು, ಆಮೇಲೆ ನೀರು. ಕೆಮ್ಮಿನ ಸದ್ದಿಗೇ ಹರಿಣಾಕ್ಷಿ ಎದ್ದು ಕೊಡಪಾನ ಹಿಡಿದು ನಿಂತಿರುತ್ತಿದ್ದಳು. ಕೆಳಗಿನ ಮಾಳಿಗೆಗಳವರು ಆಕಳಿಸಿ ಕಣ್ಣುಜ್ಜಿಕೊಂಡು ತಮ್ಮ ನಲ್ಲಿ ತಿರುಗಿಸುವ ಹೊತ್ತಿಗೆ ಮೂರನೆಯ ಮಾಳಿಗೆಯ ಹರಿಣಾಕ್ಷಿಯ ಮುಕ್ಕಾಲು ಪಾತ್ರೆಗಳು ತುಂಬಿರುತ್ತಿದ್ದವು.

ಕಟ್ಟಡದ ನೆತ್ತಿಯ ಮೇಲೆ ಟ್ಯಾಂಕ್ ಇರಲಿಲ್ಲವೆಂದಲ್ಲ. ಇತ್ತು. ಅದಕ್ಕೆ ನೀರು ಏರಿಸುವ ಪಂಪು ಕೊಳ್ಳುವ ವಿಚಾರ ಸೊಸೈಟಿಯ ಸಭೆಯಲ್ಲಿ ಏಳು ವರ್ಷಗಳಿಂದ ಪರಿಶೀಲನೆಯಲ್ಲಿತ್ತು, ಅಷ್ಟೆ. ಸೊಸೈಟಿಯ ಸೆಕ್ರೆಟರಿ ಯಜ್ಞೇಶ್ವರರಾಯರ ಮನೆ ಗ್ರೌಂಡ್ ಫ್ಲೋರಿನಲ್ಲಿದ್ದುದರಿಂದ ಅವರಿಗೆ ಅವಸರವೇನೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ೧೯೮೬ರ ಫೆಬ್ರವರಿಯಲ್ಲಿ ಉಡುಪಿಯ ಕಡೆಯಿಂದ ಒಂದು ಕಾಗದ ಬಂತು. ಹರಿಣಾಕ್ಷಿಯ ತಾಯಿ ರತ್ನಾವತಿಯಮ್ಮ ಏಪ್ರಿಲಿನಲ್ಲಿ ಮೊಟ್ಟಮೊದಲ ಸಲ, ಎರಡು ದಿನದ ಮಟ್ಟಿಗೆ, ಮಗಳ ಮನೆಗೆ ಬರುವವರಿದ್ದರು.

ಕಾಗದ ಓದಿ ಹರಿಣಾಕ್ಷಿ ತಲೆಗೆ ಕೈಹೊತ್ತು ಕೂತಳು. ಮದುವೆಯ ಮಾತುಕತೆಯಲ್ಲೇ ರತ್ನಾವತಿಯಮ್ಮ “ಬಾವಿ ಇಲ್ಲದ ಮನೆಗೆ ಯಾರಾದ್ರೂ ಹೆಣ್ಣು ಕೊಡ್ತಾರಾ?” ಎಂದು ಮುಖ ಊದಿಸಿಕೊಂಡಿದ್ದರು. ಅವರನ್ನು ಸಮಾಧಾನಪಡಿಸಲು ಹರಿಣಾಕ್ಷಿ ಮೊದಲ ಕಾಗದದಲ್ಲೇ “ಇಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೀರು ಉಂಟಮ್ಮ” ಎಂದು ಬರೆದುಬಿಟ್ಟಿದ್ದಳು. ಒಮ್ಮೆ ಬರೆದ ಸುಳ್ಳನ್ನು ಮುಂದಿನ ಕಾಗದಗಳಲ್ಲೂ ಸಾಕಬೇಕಾಗುತ್ತದೆ. ಹನ್ನೊಂದು ವರ್ಷಗಳಲ್ಲಿ ಆ ನೀರು ಕಾಗದದ ಮೇಲೆ ಹರಿದು ಹರಿದು, ರತ್ನಾವತಿಯಮ್ಮನ ಮನಸ್ಸಿನಲ್ಲಿ ಡೊಂಬಿವಲಿಯೆಂದರೆ ಒಂದು ಜಲಪಾತದ ಬುಡದಲ್ಲಿರುವ ಊರಾಗಿತ್ತು. ಮದುವೆಗೆ ಅವರು ಕೊಟ್ಟ ತಾಮ್ರದ ಹಂಡೆಯೊಂದು ಬಚ್ಚಲಲ್ಲಿತ್ತು. ಅದು ಸರಿಯಾಗಿ ಹತ್ತು ಕೊಡಪಾನ ಹಿಡಿಯುತ್ತಿತ್ತು. ಹಂಡೆ ಕಂಠದವರೆಗೆ ತುಂಬಿರದಿದ್ದರೆ ಅದು ಸ್ನಾನವೇ ಅಲ್ಲ, ಪ್ರೋಕ್ಷಣೆ ಎಂಬುದು ಅವರ ಸಿದ್ಧಾಂತ.

“ನೋಡಿ, ಅಮ್ಮ ಬರುವ ದಿನ ಹಂಡೆ ತುಂಬಿರ್ಬೇಕು. ಇಲ್ಲಾಂದ್ರೆ ನನ್ನ ಹನ್ನೊಂದು ವರ್ಷದ ಮರ್ಯಾದೆ ಆ ಬಚ್ಚಲಲ್ಲೇ ಹೋಗ್ತದೆ” ಎಂದಳು ಹರಿಣಾಕ್ಷಿ.

“ಅದನ್ನು ನನಗೆ ಬಿಡು” ಎಂದ ತಾರಾನಾಥ.

ಅವನು ಹೀಗೆಂದಾಗಲೆಲ್ಲ ಮನೆಗೆ ಏನಾದರೊಂದು ಗ್ರಹಚಾರ ಒಕ್ಕರಿಸಿದೆ. ಹಿಂದೊಮ್ಮೆ ಫ್ಯಾನು ರಿಪೇರಿಯನ್ನು ಹೀಗೆಯೇ ಬಿಟ್ಟದ್ದಕ್ಕೆ ಅದು ಇಂದಿಗೂ ಹಿಂದುಮುಂದಾಗಿ ತಿರುಗುತ್ತಿದೆ.

ತಾರಾನಾಥ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದ. ಮುಂದಿನ ತಿಂಗಳು ಎಷ್ಟು ಬೋಲ್ಟು ಬೇಕಾದೀತೆಂದು ಹೇಳುವುದು ಅವನ ಉದ್ಯೋಗ. ಅದಕ್ಕಾಗಿ ಕಂಪೆನಿ ಅವನನ್ನು ಮೂರು ದಿನದ ತರಬೇತಿಗೆ ಕಳಿಸಿ ‘ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್’ ಎಂಬ ಮಹಾವಿದ್ಯೆಯನ್ನು ಕಲಿಸಿತ್ತು. ಅಂದಿನಿಂದ ಅವನು ಬೋಲ್ಟುಗಳ ತ್ರಿಕಾಲಜ್ಞಾನಿ. ಅದರ ಮೇಲೆ ಬಹರೈನಿನಲ್ಲಿದ್ದ ಭಾವಮೈದುನ ಜಯಶೀಲ ಕಳೆದ ವರ್ಷ ರಜೆಯಲ್ಲಿ ಬಂದಾಗ ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣ, ರಬ್ಬರಿನ ಗುಂಡಿಗಳು. ಅದಕ್ಕೆ ಸ್ವಂತ ಕಣ್ಣಿರಲಿಲ್ಲ, ಮನೆಯ ಟಿ.ವಿ. ಬೇಕು. ಸ್ವಂತ ನೆನಪೂ ಇರಲಿಲ್ಲ, ಮನೆಯ ಟೇಪ್ ರೆಕಾರ್ಡರ್ ಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹರಿಣಾಕ್ಷಿ ಭಜನೆಯ ಕ್ಯಾಸೆಟ್ಟು ಹಾಕಿದರೆ ಒಮ್ಮೊಮ್ಮೆ ಗಂಡ ಅದರ ಇನ್ನೊಂದು ಮಗ್ಗುಲಲ್ಲಿ ತುಂಬಿಸಿಟ್ಟ ಪ್ರೋಗ್ರಾಮು ತಿರುಗಿ ಕೀಂ-ಕರ್ರ್ ಎಂದು ಕಿರುಚುತ್ತಿತ್ತು. ಎರಡನೆಯ ಮಾಳಿಗೆಯ ನೇನೆ ಕಾಕು ಗಾಬರಿಯಿಂದ ಓಡಿಬಂದು “ಕಾಯ್ ಝಾಲಂ? ಮಿಕ್ಸರ್ ಬಿಘಡಲಾ ಕಾ?” ಎಂದು, ಮಿಕ್ಸರ್ ಕೆಟ್ಟಿತೇನೋ ಎಂಬ ಕಳವಳದಿಂದ ಮರಾಠಿಯಲ್ಲಿ ವಿಚಾರಿಸುತ್ತಿದ್ದರು.

“ಬೋಲ್ಟಿಗೆ ಆಗುವುದು ನೀರಿಗೆ ಯಾಕಾಗಬಾರದು? ದಿನಾ ನೀರು ಬಂದ ಟೈಮು ಬರೆದಿಡು. ನಾಳೆ ಎಷ್ಟಕ್ಕೆ ಬರ್ತದೆಂದು ಇದು ಹೇಳ್ತದೆ. ನೀನು ಇನ್ನು ಕಿವಿ ಮುಚ್ಚಿ ಮಲಗಬಹುದು” ಎಂದ ತಾರಾನಾಥ.

“ಸ್ಮೂದಿಂಗ್ ಅಂದ್ರೆ ಎಂತ? ಇಸ್ತ್ರಿ ಹಾಕುವುದಾ?”

“ಒಂಥರಾ ಹಾಗೆಯೇ. ಅಂಕಿಗಳಿಗೆ ಇಸ್ತ್ರಿ. ನೋಡು, ಇವತ್ತು ಆರೂವರೆಗೆ ಬರ್ತದೆ ಅಂತ ನಾನು ಹೇಳಿದೆ ಅಂತಿಟ್ಟುಕೋ. ಬಂದದ್ದು ಏಳಕ್ಕೆ. ತಪ್ಪು ಮೂವತ್ತು ನಿಮಿಷ. ಆದರೆ ಪೂರ್ತಿ ತಪ್ಪು ಒಪ್ಪಿಕೊಳ್ಳಬಾರದು. ಹತ್ತರಲ್ಲಿ ಮೂರು ಪಾಲು ಮಾತ್ರ ಒಪ್ಪಿಕೊಳ್ಳಬೇಕು. ಅಂದರೆ ಒಂಬತ್ತು ನಿಮಿಷ. ಉಳಿದ ಏಳು ಪಾಲಿಗೆ ನಮ್ಮ ಹಳೆಯ ಮಾತನ್ನೇ ಹಿಡಿದಿರಬೇಕು. ನಾಳೆಯದು ಆರು ಮೂವತ್ತೊಂಬತ್ತು!”

ಹರಿಣಾಕ್ಷಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಹತ್ತರಲ್ಲಿ ಮೂರು ಪಾಲು ತಪ್ಪು ಒಪ್ಪಿಕೊಂಡು ಏಳು ಪಾಲು ಹಟ ಮಾಡ್ಲಿಕ್ಕೆ ನಿಮಗೆ ಕಂಪ್ಯೂಟರ್ ಯಾಕೆ ಮಾರಾಯ್ರೆ? ಹುಟ್ಟಿನಿಂದಲೇ ಉಂಟಲ್ಲ!”

ತಾರಾನಾಥ ಈ ಮಾತನ್ನು ಹೊಗಳಿಕೆಯೆಂದು ತಿಳಿದ. ಈ ವಿದ್ಯೆಯಲ್ಲಿ ಹಳೆಯ ದಿನಗಳ ಸಂಗತಿ ಬರಬರುತ್ತ ಮಾಸುತ್ತದೆ, ಹೊಸತಕ್ಕೇ ತೂಕ ಹೆಚ್ಚು ಎಂದೂ ವಿವರಿಸಲು ಹೊರಟಿದ್ದ. ಆದರೆ ಹೆಂಡತಿಯ ಲೆಕ್ಕದಲ್ಲಿ ಎಪ್ಪತ್ತೈದರ ಮದುವೆ ಊಟದ ದಿನ ತನ್ನ ಅಕ್ಕ ಆಡಿದ ಒಂದು ಮಾತೂ ಈ ಬೆಳಿಗ್ಗೆಯ ಚಹಾದ ರುಚಿಯೂ ಸಮತೂಕದಲ್ಲಿವೆಯೆಂಬುದು ನೆನಪಾಗಿ ಸುಮ್ಮನಾದ.

ಮೊದಲ ತಿಂಗಳು ಕಂಪ್ಯೂಟರ್ ಆರು ನಲವತ್ತೆಂದರೆ ನೀರು ಐದು ಐವತ್ತಕ್ಕೆ ಬಂತು. ಆರು ಇಪ್ಪತ್ತೈದೆಂದರೆ ಏಳೂಕಾಲಿಗೆ ಬಂತು. “ಅದು ಕಲಿಯುತ್ತಾ ಉಂಟು” ಎಂದು ತಾರಾನಾಥ ಮಗುವಿನ ಪರ ವಹಿಸಿದಂತೆ ಹೇಳಿದ. ಹರಿಣಾಕ್ಷಿ ತನ್ನ ಕಿವಿಯನ್ನು ತೆರೆದೇ ಇಟ್ಟಿದ್ದಳಾದ್ದರಿಂದ ಮನೆಗೆ ನೀರಿನ ತಾಪತ್ರಯವಾಗಲಿಲ್ಲ. ಮಾರ್ಚಿನಲ್ಲಿ ಒಂದು ಮಂಗಳವಾರ, ಕುರುಡನ ಕಲ್ಲು ಗುರಿಗೆ ಬಿದ್ದಂತೆ, ಕಂಪ್ಯೂಟರ್ ಆರು ನಲವತ್ತೆರಡು ಎಂದಿತು, ನೀರೂ ಆರು ನಲವತ್ತೆರಡಕ್ಕೇ ಬಂತು. ಬುಧವಾರವೂ ಹಾಗೆಯೇ ಆಯಿತು. ತಾರಾನಾಥನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದ ಯಜ್ಞೇಶ್ವರರಾಯರಿಗೆ ಹೇಳಿಬಿಟ್ಟ.

“ಯಾರಿಗೂ ಹೇಳ್ಬೇಡಿ ಅಂತ ಬಡಕೊಂಡಿದ್ದೆ! ನಮಗೆ ನೀರು ಸಿಕ್ಕುವುದೇ ಬೇರೆಯವರು ಮಲಗಿರುವುದರಿಂದ” ಎಂದಳು ಹರಿಣಾಕ್ಷಿ.

“ವಿಜ್ಞಾನವನ್ನು ಮುಚ್ಚಿಡಬಾರದು” ಎಂದ ತಾರಾನಾಥ, ಗಂಭೀರವಾಗಿ.

ರಾಯರು ಗೇಟಿನ ಪಕ್ಕದ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ “ನಾಳೆ ನೀರು: ೬.೪೨, ಕಂಪ್ಯೂಟರ್ ಪ್ರಕಾರ” ಎಂದು ಮೂರು ಭಾಷೆಗಳಲ್ಲಿ ಬರೆಸಿದರು. ಅಂದಿನಿಂದ ಒಂದು ಅದ್ಭುತ ನಡೆಯಿತು. ಮೊದಲೆರಡು ದಿನ ಕಟ್ಟಡದವರೆಲ್ಲ ಗಡಿಯಾರ ಹಿಡಿದು ಗೇಟಿನ ಬಳಿ ನಿಂತು ಏನೋ ಗಲಾಟೆ ಮಾಡಿದರಂತೆ (ಆ ಎರಡು ದಿನ ನೀರು ತಡವಾದದ್ದನ್ನು ತಾರಾನಾಥ ಕಂಪ್ಯೂಟರಿಗೆ ತಿಳಿಸಲಿಲ್ಲ). ಆಮೇಲೆ ನೀರು ಪ್ರತಿದಿನ ಆರು ನಲವತ್ತೆರಡಕ್ಕೆ, ಕರೆದ ಹಸುವಿನಂತೆ, ಬರತೊಡಗಿತು. ತಪ್ಪು ಸೊನ್ನೆಯಾದ ಮೇಲೆ ತಿದ್ದುವುದಕ್ಕೆ ಏನಿದೆ? ಕಂಪ್ಯೂಟರ್ ಕೂಡ ಮೂರು ವಾರ ಆರು ನಲವತ್ತೆರಡನ್ನೇ ಹೇಳಿತು. ನೇನೆ ಕಾಕು ತಾರಾನಾಥನನ್ನು ಕಂಡಾಗ ಸೆರಗು ಸರಿಮಾಡಿಕೊಂಡು ಕೈಮುಗಿದರು. ಪಕ್ಕದ ಸೊಸೈಟಿಯವರೊಬ್ಬರು ಮಗಳಿಗೆ ಗಂಡು ಯಾವಾಗ ಕೂಡಿಬರುತ್ತದೆಂದು ಕೇಳಲು ಬಂದರು (ಹಳೆಯ ಅಂಕಿಗಳಿಲ್ಲದೆ ಹೇಳಲಾಗುವುದಿಲ್ಲವೆಂದು ವಾಪಸು ಕಳಿಸಬೇಕಾಯಿತು).

ಆದರೆ ಮೂರನೆಯ ಮಾಳಿಗೆಯ ನಲ್ಲಿ ದಿನದಿನಕ್ಕೆ ಸೊರಗತೊಡಗಿತು. ಆರು ನಲವತ್ತೊಂದಕ್ಕೆ ಇಡೀ ಕಟ್ಟಡವೇ ಎದ್ದು ಸ್ನಾನಕ್ಕೆ, ಬಟ್ಟೆಗೆ, ಡ್ರಮ್ಮಿಗೆ ಒಟ್ಟಿಗೆ ನಲ್ಲಿ ತಿರುಗಿಸುತ್ತಿತ್ತು. ರಾಯರಂತೂ ಹೊಸ ಪೈಪು ತಂದು ಎರಡು ದೊಡ್ಡ ಡ್ರಮ್ಮು ಇಟ್ಟುಕೊಂಡಿದ್ದರು. ಮೇಲಕ್ಕೆ ಬರುವ ನೀರು ಮೊದಲು ಬೆರಳು ಗಾತ್ರದ ಧಾರೆಯಾಗಿ, ಆಮೇಲೆ ನೂಲಿನ ಗಾತ್ರದ್ದಾಯಿತು.

“ನಾಡಿದ್ದು ಭಾನುವಾರ ಅಮ್ಮ ಬರ್ತಾರೆ. ಹಂಡೆ ಖಾಲಿ ಉಂಟು” ಎಂದಳು ಹರಿಣಾಕ್ಷಿ ಶುಕ್ರವಾರ.

“ಇದು ತಾತ್ಕಾಲಿಕ ಏರುಪೇರು. ಭಾನುವಾರ ಆರು ನಲವತ್ತೆರಡಕ್ಕೆ ನೀರು ಬಂದೇ ಬರ್ತದೆ. ಕಂಪ್ಯೂಟರ್ ಹೇಳಿದೆ.”

ಭಾನುವಾರ ಆರು ನಲವತ್ತೆರಡಕ್ಕೆ ನೀರು ಬಂದೇ ಬಂತು. ಗ್ರೌಂಡ್ ಫ್ಲೋರಿನಲ್ಲಿ ಭೋರ್ಗರೆಯಿತು. ಮೊದಲನೆಯದರಲ್ಲಿ ಹರಿಯಿತು. ಎರಡನೆಯದರಲ್ಲಿ ನೇನೆ ಕಾಕುವಿನ ಬಕೆಟ್ಟಿನಲ್ಲಿ ಗಳಗಳ ಎಂದಿತು. ಮೂರನೆಯದರಲ್ಲಿ ನಲ್ಲಿ ಒಮ್ಮೆ ಕೆಮ್ಮಿ, ಎರಡು ಹನಿ ಉದುರಿಸಿ, ಉಸಿರೆಳೆದುಕೊಂಡು ಸುಮ್ಮನಾಯಿತು. ಹಂಡೆಯೊಳಗೆ ಬಗ್ಗಿದ ತಾರಾನಾಥನಿಗೆ ತಾಮ್ರದ ತಳದಲ್ಲಿ ತನ್ನ ಮುಖ ಮಾತ್ರ ಕಂಡಿತು. ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು.

ಒಂಬತ್ತಕ್ಕೆ ರತ್ನಾವತಿಯಮ್ಮ ಬಂದಿಳಿದರು. ಇಡೀ ದಿನ, ಇಡೀ ರಾತ್ರಿಯ ಬಸ್ಸಿನ ಧೂಳು ಅವರ ಸೀರೆಯ ಮೇಲಿತ್ತು. ಮೂರು ಮಾಳಿಗೆ ಹತ್ತಿ, ಏದುಸಿರಿನ ನಡುವೆಯೇ ಮೊದಲ ಮಾತು: “ಮೊದ್ಲು ಒಂದು ಒಳ್ಳೆ ಸ್ನಾನ ಆಗ್ಬೇಕು ಹರಿಣೀ. ಹಂಡೆ ತುಂಬಿದೆಯಲ್ಲ?”

“ಈಗ ಹಳೆ ನೀರು ಚೆಲ್ಲಿ ಹೊಸ ನೀರು ತುಂಬಿಸ್ತಾ ಇದ್ದೇವೆ ಅಮ್ಮ. ನೀನು ಒಳಗೆ ಕೂತು ಚಹಾ ಕುಡಿ” ಎಂದು ಹರಿಣಾಕ್ಷಿ ಹನ್ನೊಂದು ವರ್ಷದ ಅನುಭವದಿಂದ ಕ್ಷಣದಲ್ಲಿ ಹೇಳಿ, ತಾಯಿಯನ್ನು ಅಡಿಗೆಮನೆಗೆ ಕರೆದೊಯ್ದು, ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದಳು. ಬಚ್ಚಲು ಮೆಟ್ಟಿಲ ಕಡೆಯ ಬಾಗಿಲಿಗೆ ತಾಗಿಯೇ ಇದ್ದುದು ದೇವರ ದಯೆ. ಅವಳು ಹೊರಬಂದು ಗಂಡನ ಕೈಗೆ ಕೊಡಪಾನ ಕೊಟ್ಟು, ಬೆರಳಿನಿಂದ ಕೆಳಗೆ ತೋರಿಸಿದಳು.

ರಾಯರು ತಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಉದಾರವಾಗಿ ನಕ್ಕರು. “ತುಂಬಿಸಿಕೊಳ್ಳಿ, ತುಂಬಿಸಿಕೊಳ್ಳಿ! ನಿಮ್ಮ ಕಂಪ್ಯೂಟರಿನ ಪುಣ್ಯದಿಂದಲೇ ಬಂದ ನೀರು.”

ಎರಡನೆಯ ಕೊಡಪಾನಕ್ಕೆ ಇಳಿದಾಗ ಗೇಟಿನ ಬಳಿ ಜಟ್ಟೆಪ್ಪ ಸಿಕ್ಕಿದ. ವಿಜಾಪುರದ ಕಡೆಯವನು. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಬಂದು ಆ ಓಣಿಗೆಲ್ಲ ನೀರು ಬಿಡುವುದು ಅವನ ಕೆಲಸ.

“ನಮಸ್ಕಾರ್ರೀ ಸಾಹೇಬ್ರ! ನಿಮ್ಮ ಕಂಪ್ಯೂಟರ್‌ದಿಂದ ನನಗ ಭಾಳ ಅನುಕೂಲ ಆಗ್ಯದ ನೋಡ್ರಿ.”

“ನಿನಗೆಂತ ಅನುಕೂಲ?”

“ಮೊದ್ಲ ನಾ ಬಸ್ ಸಿಕ್ಕಂಗ ಬರ್ತಿದ್ದೆ. ಯಾವಾಗ ಬಂದ್ರೂ ಮಂದಿ ಬೈತಿದ್ರು. ನಿಮ್ಮ ಬೋರ್ಡ್ ಬಂದ ಮ್ಯಾಲ ಎರಡ್ ದಿನ, ‘ಕಂಪ್ಯೂಟರ್ ಆರು ನಲವತ್ತೆರಡು ಅಂದದ, ನಿಂದೇನಲೇ ಲೇಟು’ ಅಂತ ಎಲ್ಲಾರೂ ಮೈಮ್ಯಾಲೇ ಬಂದ್ರು. ಅದಕ್ಕ ಈಗ ಲಗೂನ ಬಂದು, ಬೋರ್ಡ್ ನೋಡಿ, ಬರೋಬ್ಬರಿ ಆ ಟೈಮಿಗೇ ಚಾವಿ ತಿರವ್ತೀನ್ರಿ. ಒಂದ್ ಮಿನಿಟ್ ಹಿಂದಿಲ್ಲ ಮುಂದಿಲ್ಲ!”

ತಾರಾನಾಥನ ಕೈಯಲ್ಲಿದ್ದ ಕೊಡಪಾನ ತಟಕ್ಕನೆ ಭಾರವಾಯಿತು. ಮೂರು ವಾರ ಕಂಪ್ಯೂಟರ್ ಜಟ್ಟೆಪ್ಪನನ್ನು ನೋಡಿ ಲೆಕ್ಕ ಹಾಕಿತ್ತು, ಜಟ್ಟೆಪ್ಪ ಕಂಪ್ಯೂಟರನ್ನು ನೋಡಿ ನೀರು ಬಿಟ್ಟಿದ್ದ. ತಾನು ಹೇಳಿದ್ದು ಭವಿಷ್ಯವಲ್ಲ, ಕೊಟ್ಟದ್ದು ಆರ್ಡರು.

“ಜಟ್ಟೆಪ್ಪಾ, ನಿನ್ನ ಕೈ ಮುಗಿತೇನೆ. ನಾಳೆಯಿಂದ ಆರು ಗಂಟೆಗೇ ಬಿಡು ಮಾರಾಯ. ಯಾರಿಗೂ ಹೇಳಬೇಡ.”

ಜಟ್ಟೆಪ್ಪ ಕೆನ್ನೆ ಬಡಿದುಕೊಂಡ. “ಛೇ ಛೇ, ಆಗಂಗಿಲ್ರೀ! ನಿಮ್ಮಂಥ ಶಾಣ್ಯಾರ ಮಾತು ಸುಳ್ಳ ಮಾಡಿ ನಾಕ್ ಮಂದ್ಯಾಗ ನಿಮ್ಮ ಹೆಸರು ಕೆಡಸ್ಲೇನು?” ಎಂದು ಚಾವಿ ಹೆಗಲಿಗೇರಿಸಿ ಹೊರಟೇಹೋದ.

ಮೂರನೆಯ ಕೊಡಪಾನ ಹಂಡೆಗೆ ಸುರಿದ ಮೇಲೆ ತಾರಾನಾಥ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಸೊಂಟ ಹಿಡಿದಿತ್ತು. ಒಳಗಿನಿಂದ ರತ್ನಾವತಿಯಮ್ಮನ ತೃಪ್ತ ಧ್ವನಿ ಕೇಳಿತು: “ನೀನು ಬರೆದದ್ದನ್ನು ನಾನು ಪೂರ್ತಿ ನಂಬಿರಲಿಲ್ಲ ಹರಿಣೀ. ಈಗ ಹಂಡೆಗೆ ನೀರು ಬೀಳುವ ಸದ್ದು ಕೇಳಿ ಜೀವ ತಂಪಾಯ್ತು. ಇಷ್ಟು ನೀರುಂಟಾದ್ರೆ ಎರಡು ದಿನಕ್ಕೆ ಎಂತಕ್ಕೆ ಓಡುವುದು? ಚೌತಿ ಮುಗಿಸಿಯೇ ಹೋಗ್ತೇನೆ. ಅಲ್ಲಾ, ಸದ್ದು ನಿಂತಿತಲ್ಲ, ನೀರು ಹೋಯ್ತಾ?”

“ಇಲ್ಲಮ್ಮ, ಈಗ ಬರ್ತದೆ!” ಎನ್ನುತ್ತ ಹರಿಣಾಕ್ಷಿ ಓಡಿಬಂದು ಬಾಗಿಲು ಮರೆಮಾಡಿ ನಿಂತಳು.

ಏಪ್ರಿಲಿನಿಂದ ಚೌತಿಗೆ ಎಷ್ಟು ತಿಂಗಳೆಂದು ತಾರಾನಾಥ ಬೆರಳು ಮಡಿಸುತ್ತಿದ್ದ. ತಲೆಯೆತ್ತಿ ಹೆಂಡತಿಯನ್ನು ನೋಡಿದ.

“ಹರಿಣೀ, ತಪ್ಪಾಯ್ತು.”

“ಎಷ್ಟು?” ಎಂದಳು ಅವಳು, ಪಿಸುಧ್ವನಿಯಲ್ಲಿ.

ಅಂಥ ಹೊತ್ತಿನಲ್ಲೂ ಅವನು ಒಂದು ಕ್ಷಣ ಯೋಚಿಸಿದ. “ಹತ್ತರಲ್ಲಿ ಮೂರು ಪಾಲು.”

“ಸರಿ, ಮೂರು ಕೊಡಪಾನ ಬಂತು. ಉಳಿದ ಏಳು ಕೆಳಗೆ ರಾಯರ ಡ್ರಮ್ಮಲ್ಲಿ ಉಂಟು, ಬೇಗ ತನ್ನಿ. ಅಮ್ಮ ಸದ್ದಿಗೆ ಕಾಯ್ತಾ ಇದ್ದಾರೆ.”

ತಾರಾನಾಥ ಖಾಲಿ ಕೊಡಪಾನ ಎತ್ತಿಕೊಂಡು ಮೆಟ್ಟಿಲಿಳಿದ.