ಮುಹೂರ್ತವಿಲ್ಲದ ಭಾನುವಾರಗಳು

ಬೆಂಗಳೂರಲ್ಲಿ ಜಾಗಕ್ಕೇನೂ ಬರವಿಲ್ಲ. ಆದರೆ ಹತ್ತು ಜನ ಕೂತು ಕನ್ನಡ ಕಾದಂಬರಿ ಕೇಳುತ್ತೇವೆ ಎಂದರೆ ಎಲ್ಲರ ಮನೆಯೂ ಚಿಕ್ಕದಾಗಿಬಿಡುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಇಂದಿರಾನಗರದ ನಮ್ಮ ಓದುಕೂಟಕ್ಕೆ ಆದದ್ದು ಇದೇ. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತಿದ್ದೆವು. ವಿಮಾ ಕಚೇರಿಯಿಂದ ನಿವೃತ್ತರಾದ ನಮ್ಮ ಅಧ್ಯಕ್ಷರು ಗಟ್ಟಿಯಾಗಿ ಓದುವರು, ನಾವು ಕೇಳುವೆವು. ಆ ಕೊಠಡಿಗೆ ಕಂಪ್ಯೂಟರ್ ಬರುವುದೆಂದಾಯಿತು. ಕಂಪ್ಯೂಟರಿಗೆ ಧೂಳು ಆಗುವುದಿಲ್ಲ ಎಂದು ಹೆಡ್ ಮೇಡಂ ನಮ್ಮನ್ನು ಹೊರಗೆ ಕಳಿಸಿದರು. ಕಾರ್ಯದರ್ಶಿಯಾದ್ದರಿಂದ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು.

ಮನೆ ಮನೆ

ಮೊದಲು ಸರದಿಯ ಮೇಲೆ ಸದಸ್ಯರ ಮನೆಗಳಲ್ಲೇ ಸೇರಿದೆವು. ಮೊದಲ ಮನೆಯಲ್ಲಿ ಕಾಫಿ ಕೊಟ್ಟರು. ಬರೀ ಕಾಫಿ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು ಎರಡನೆಯ ಮನೆಯಾಕೆ ಬೋಂಡ ಕರಿದರು. ಮೂರನೆಯವರು ಬಿಸಿಬೇಳೆಬಾತ್ ಬಡಿಸಿ ಮೇಲೆ ಜಾಮೂನು ಕೊಟ್ಟರು. ಓದು ವಾರಕ್ಕೆ ಅರ್ಧ ಪುಟಕ್ಕಿಳಿಯಿತು. ಕಾದಂಬರಿಯ ನಾಯಕಿ ಗಂಡನ ಮೇಲೆ ಮುನಿಸಿಕೊಂಡು ಹೊಸ್ತಿಲು ದಾಟುವುದಕ್ಕೇ ಮೂರು ವಾರ ಹಿಡಿಯಿತು.

ಸರದಿ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಹೇಳಿದಳು: "ಇನ್ನು ಹೋಳಿಗೆಗಿಂತ ಕಮ್ಮಿ ಮಾಡಿದ್ರೆ ಮರ್ಯಾದೆ ಹೋಗತ್ತೆ ರೀ. ನಿಮ್ಮ ಸಾಹಿತ್ಯಾನ ಬೇರೆ ಎಲ್ಲಾದ್ರೂ ಇಟ್ಕೊಳ್ಳಿ."

ಕಾಯುವ ಕುರ್ಚಿಗಳು

ಹಲಸೂರಿನ ಪರಿಚಯದ ಹಲ್ಲಿನ ಡಾಕ್ಟರು, ಭಾನುವಾರ ಮುಚ್ಚಿರುವ ತಮ್ಮ ಕ್ಲಿನಿಕ್ಕಿನ ಬೀಗದ ಕೈ ಕೊಟ್ಟರು. ರೋಗಿಗಳು ಕಾಯುವ ಕುರ್ಚಿಗಳಲ್ಲಿ ನಾವು ಕೂತೆವು. ಎರಡನೆಯ ವಾರ ಅಪರಿಚಿತರೊಬ್ಬರು ಬಂದು ಕೊನೆಯ ಕುರ್ಚಿ ಹಿಡಿದರು. ನಾಯಕಿ ಮಗುವನ್ನು ಬಿಟ್ಟು ಹೋಗುವ ಭಾಗ ನಡೆದಿತ್ತು. ಆತ ಕೆನ್ನೆಗೆ ಕೈಕೊಟ್ಟು ಕಣ್ಣೀರು ಸುರಿಸುತ್ತಿದ್ದರು. ಹೊಸ ಕೇಳುಗ ಇಷ್ಟು ಕರಗಿದ್ದನ್ನು ಕಂಡು ಅಧ್ಯಕ್ಷರು ಉಬ್ಬಿ, ಆ ಪುಟವನ್ನು ಇನ್ನೊಮ್ಮೆ ಓದಿದರು.

ಓದು ನಿಂತ ಮೇಲೆ ಆತ, "ಸಾರ್, ಡಾಕ್ಟ್ರು ಒಳಗೆ ಯಾವಾಗ ಕರೀತಾರೆ?" ಅಂದರು.

ಬಾಗಿಲು ತೆರೆದಿದ್ದರೆ ಭಾನುವಾರವೂ ರೋಗಿಗಳು ಬರುತ್ತಾರೆಂದು ಡಾಕ್ಟರಿಗೆ ತಿಳಿದದ್ದು ನಮ್ಮಿಂದಲೇ. ಮುಂದಿನ ವಾರದಿಂದ ಅವರೇ ಬಂದು ಕೂತರು, ನಾವು ಬೀಗದ ಕೈ ವಾಪಸ್ ಕೊಟ್ಟೆವು.

ಛತ್ರ

ಕೆ.ಆರ್. ಪುರದಲ್ಲಿ ಒಬ್ಬ ಯಜಮಾನರು ತಮ್ಮ ರಾಗಿ ಹೊಲದಲ್ಲೇ ಮದುವೆ ಛತ್ರ ಕಟ್ಟಿಸಿದ್ದರು. ಆಷಾಢದಲ್ಲಿ ಮದುವೆ ಇಲ್ಲದೆ ಅದು ಖಾಲಿ ಹೊಡೆಯುತ್ತಿತ್ತು. ಮುಹೂರ್ತ ಇಲ್ಲದ ಭಾನುವಾರ ಬಂದು ಓದಿಕೊಳ್ಳಿ, ಬಾಡಿಗೆ ಬೇಡ ಎಂದರು. ಅಂದಿನಿಂದ ಅಧ್ಯಕ್ಷರ ಕೈಯಲ್ಲಿ ಕಾದಂಬರಿಯ ಜೊತೆ ಪಂಚಾಂಗವೂ ಬಂತು. ಊರೆಲ್ಲ ಒಳ್ಳೆಯ ದಿನ ಹುಡುಕಿದರೆ ನಾವು ಕೆಟ್ಟ ದಿನ ಹುಡುಕಿ ಖುಷಿಪಟ್ಟೆವು. ಯಜಮಾನರು ಮೊದಮೊದಲು ಫ್ಯಾನು ನೋಡುವ ನೆಪದಲ್ಲಿ ಇಣುಕುತ್ತಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಮುಂದೆಯೇ ಕೂತರು.

ಆಷಾಢ ಮುಗಿಯುತ್ತ ಬಂದ ಒಂದು ಭಾನುವಾರ ಪಂಚಾಂಗ ತಿರುವಿದೆವು. ಶ್ರಾವಣದ ಭಾನುವಾರಗಳಿಗೆಲ್ಲ ಮುಹೂರ್ತವಿತ್ತು. ಕೂಟ ಮುಚ್ಚಿಬಿಡೋಣ ಎಂದು ಒಬ್ಬಿಬ್ಬರು ಅಂದರು. ಮದುವೆಯಾಗದೆ ಒಂಟಿಯಾಗಿದ್ದ ಅಧ್ಯಕ್ಷರು ಮೆಲ್ಲಗೆ ಹೇಳಿದರು: "ನಿಮಗೆಲ್ಲ ಮನೇಲಿ ಮಾತಾಡೋರಿದ್ದಾರೆ. ನನಗೆ ಭಾನುವಾರ ಇಲ್ದಿದ್ರೆ ವಾರವೇ ಇಲ್ಲ."

ನನಗೆ ಸಂಕಟವಾಯಿತು. ಅಷ್ಟು ದಿನ ನಾನು ಹುಡುಕುತ್ತಿರುವುದು ಹತ್ತು ಕುರ್ಚಿ, ಒಂದು ಫ್ಯಾನು ಎಂದುಕೊಂಡಿದ್ದೆ.

ಅಷ್ಟರಲ್ಲಿ ಹೆಣ್ಣಿನ ತಂದೆಯೊಬ್ಬರು ಛತ್ರ ಕೇಳಿಕೊಂಡು ಬಂದರು. ಅವರಿಗೆ ಶ್ರಾವಣದ ಮೊದಲ ಭಾನುವಾರವೇ ಬೇಕಿತ್ತು. ಯಜಮಾನರು ಅಧ್ಯಕ್ಷರ ಮುಖ ನೋಡಿದರು. ನಾಯಕಿ ಇನ್ನೂ ಮನೆಗೆ ಮರಳಿರಲಿಲ್ಲ.

"ಭಾನುವಾರ ಬೇಡ, ದಿನ ಚೆನ್ನಾಗಿಲ್ಲ. ಅದರ ಮುಂದಿನ ಶುಕ್ರವಾರ ಇಟ್ಕೊಳ್ಳಿ" ಎಂದುಬಿಟ್ಟರು ಯಜಮಾನರು.

ಬಂದವರಿಗೆ ನಂಬಿಕೆ ಬರಲಿಲ್ಲ. ಪಂಚಾಂಗ ಹಿಡಿದ ಅಧ್ಯಕ್ಷರನ್ನು ಜೋಯಿಸರೆಂದೇ ತಿಳಿದು, ಹೌದಾ ಸ್ವಾಮಿ ಎಂದು ಕೈಮುಗಿದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಧ್ಯಕ್ಷರು ಪಂಚಾಂಗ ನೋಡಿದರು, ನಮ್ಮನ್ನು ನೋಡಿದರು.

"ಭಾನುವಾರ ಇಲ್ಲಿ ಮದುವೆ ಆದ್ರೆ ಕೆಲವರಿಗೆ ಬಹಳ ಕಷ್ಟ ಆಗತ್ತೆ" ಎಂದರು.

ಹೆಣ್ಣಿನ ತಂದೆ ಒಂದೇ ಮಾತಿಗೆ ಶುಕ್ರವಾರಕ್ಕೆ ಒಪ್ಪಿದರು. ಆಮೇಲೆ ಅಧ್ಯಕ್ಷರ ಎದುರು ಭಕ್ತಿಯಿಂದ ಕೂತು, ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದರು.

"ಇದು ಎರಡನೇ ಮಗಳ ಜಾತಕ ಸ್ವಾಮಿ. ಹಂಗೇ ಇದನ್ನೂ ಒಂಚೂರು ನೋಡ್ಬಿಡಿ."