ಹಸಿರು ಗೆರೆಯ ಮೇಲಿನ ನರಿ

ರಾತ್ರಿ ಎರಡೂವರೆಗೆ ದಿಂಬಿನ ಕೆಳಗಿದ್ದ ಫೋನು ಮೆಲ್ಲಗೆ 'ಟಿಣ್' ಎಂದಿತು. ಅವನು ಸ್ಪ್ರಿಂಗಿನಂತೆ ಎದ್ದು ಕೂತ.

"ಯಾರದು?" ಹೆಂಡತಿ ಕಣ್ಣು ಬಿಡದೆ ಕೇಳಿದಳು.

"ನರಿ."

"ಈ ಹೊತ್ತಲ್ಲಿ ಅದಕ್ಕೇನಂತೆ ಕೆಲಸ?"

ಕೆಲಸವಿತ್ತು. ಗುಡ್ಡದ ಕಾಡಿಗೂ ಕೆರೆಯಂಚಿನ ಜೌಗಿಗೂ ನಡುವೆ ಹೊಸ ಹೆದ್ದಾರಿ ಬರಲಿತ್ತು. ಪ್ರಾಣಿಗಳು ದಾಟಲು ಅದರಡಿಯಲ್ಲಿ ಒಂದೇ ಒಂದು ಸುರಂಗ. ಅದು ಎಲ್ಲಿ ಎಂಬುದು ಅಂದು ಸಂಜೆ ನಾಲ್ಕಕ್ಕೆ ತೀರ್ಮಾನ. ವನ್ಯಜೀವಿ ಕಚೇರಿಯಲ್ಲಿ ಎಲ್ಲರೂ 'ನಕ್ಷೆ' ಎಂದೇ ಕರೆಯುವ ಇವನು ಎರಡು ವರ್ಷ ಕೂತು ಊರಿನ ಮೂಲೆಮೂಲೆಗೂ ಅಂಕ ಕೊಟ್ಟಿದ್ದ: ಪೊದೆ ಸುಲಭ, ರಸ್ತೆ ಕಷ್ಟ, ನಾಯಿಯಿರುವ ಬೀದಿ ಇನ್ನೂ ಕಷ್ಟ. ಅಂಕಗಳನ್ನೆಲ್ಲ ಕೂಡಿಸಿ ಕಂಪ್ಯೂಟರು ಒಂದು ಹಸಿರು ಗೆರೆ ಎಳೆದಿತ್ತು. ನರಿ ಹೋಗುವುದಾದರೆ ಹೀಗೇ ಹೋಗಬೇಕು. ಆದರೆ ಕೊರಳಿಗೆ ಸಿಗ್ನಲ್ ಪಟ್ಟಿ ಕಟ್ಟಿ ಬಿಟ್ಟಿದ್ದ ನರಿ ನಾಲ್ಕು ದಿನದಿಂದ ಒಂದೇ ಪೊದೆ ಹಿಡಿದು ಕೂತಿತ್ತು. ಈಗ ಅದು ಹೊರಟು, ಗೆರೆ ಶುರುವಾಗುವ ಬೇಲಿಯವರೆಗೆ ಬಂದಿತ್ತು.

ಬಂದದ್ದು ಅಲ್ಲಿಯೇ ನಿಂತಿತು. ಮಧ್ಯಾಹ್ನ ಮೂರಾದರೂ ಕದಲಲಿಲ್ಲ.

"ನಿಮ್ಮ ನರಿ ರಜೆ ಹಾಕಿದ್ಯಾ ನಕ್ಷೆ?" ಟೈಪಿಸ್ಟಮ್ಮ ಕೇಳಿದರು.

ನಾಲ್ಕಕ್ಕೆ ಬಂದ ರಸ್ತೆ ಎಂಜಿನಿಯರು ಕುರ್ಚಿಯಲ್ಲಿ ಕೂರುವ ಮೊದಲೇ ಪೆನ್ನು ತೆಗೆದರು. "ಸುರಂಗ ನಮ್ಮ ಜಲ್ಲಿ ಗುಡ್ಡೆ ಪಕ್ಕಾನೇ ಇರಲಿ. ನಮಗೂ ಅನುಕೂಲ. ನರಿ ಸ್ವಲ್ಪ ಸುತ್ತು ಹೊಡೀಲಿ ಬಿಡಿ."

ಅಷ್ಟರಲ್ಲಿ ಪರದೆಯ ಮೇಲೆ ನರಿಯ ಸಿಗ್ನಲ್ ತೋರಿಸುವ ಕೆಂಪು ಚುಕ್ಕೆ ಅಲುಗಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನೇರ ಹಸಿರು ಗೆರೆಯ ಮೇಲೆ. ನಕ್ಷೆಯ ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳತೊಡಗಿತು. ಮೇಲಧಿಕಾರಿ, ಡ್ರೈವರು, ಟೈಪಿಸ್ಟಮ್ಮ, ಪಕ್ಕದ ಕಚೇರಿಯ ನಾಲ್ವರು, ಎಲ್ಲರೂ ಫಲಿತಾಂಶದ ಪಟ್ಟಿ ನೋಡುವ ಮಕ್ಕಳಂತೆ ಪರದೆಗೆ ಮುಗಿಬಿದ್ದರು.

"ಹಗಲಲ್ಲಿ ನರಿ ಓಡಾಡುತ್ತೇನ್ರೀ?" ಎಂಜಿನಿಯರು ಹುಬ್ಬೇರಿಸಿದರು.

"ಹೊಟ್ಟೆ ಹಸಿದರೆ ಹಗಲೇನು ರಾತ್ರಿಯೇನು ಸಾರ್," ಎಂದರು ಟೈಪಿಸ್ಟಮ್ಮ.

ಚುಕ್ಕೆ ಬೇಕರಿಯ ಹಿಂದೆ ಹತ್ತು ನಿಮಿಷ ನಿಂತಿತು.

"ಇಲಿ ಹಿಡೀತು," ಡ್ರೈವರು ಪಿಸುಗುಟ್ಟಿದ.

ಮತ್ತೆ ಹೊರಟಿತು. ನಾಯಿಬೀದಿಯನ್ನು ಬಳಸಿ, ಹೆದ್ದಾರಿಗೆ ಗುರುತು ಹಾಕಿದ್ದ ಜಾಗವನ್ನು ನಕ್ಷೆ ಹೇಳಿದ್ದಲ್ಲೇ ದಾಟಿತು.

"ಒಂದಡಿ ಆಚೀಚೆ ಇಲ್ವಲ್ರೀ," ಎಂದು ಎಂಜಿನಿಯರೇ ಚಪ್ಪಾಳೆ ತಟ್ಟಿದರು. ಮೇಲಧಿಕಾರಿ ನಕ್ಷೆಯ ಬೆನ್ನು ಎಷ್ಟು ಗಟ್ಟಿಯಾಗಿ ತಟ್ಟಿದರೆಂದರೆ ಕನ್ನಡಕ ಮೂಗಿನ ತುದಿಗೆ ಬಂತು.

ಗೆರೆ ಮುಗಿಯುವ ಜೌಗು ಕಚೇರಿಯ ಹಿತ್ತಲಲ್ಲೇ ಇತ್ತು. ಚುಕ್ಕೆ ಅಲ್ಲಿಗೂ ಬಂತು. ಅಲ್ಲಿಂದ ಹಿಂಬಾಗಿಲ ಗೇಟಿನ ಕಡೆ ತಿರುಗಿತು.

"ಯಾರೂ ಬರ್ಬೇಡಿ, ಹೆದರಿಕೊಳ್ಳುತ್ತೆ," ಎನ್ನುತ್ತ ನಕ್ಷೆ ಕ್ಯಾಮರಾ ಹಿಡಿದು ತುದಿಗಾಲಲ್ಲಿ ಹೊರಗೆ ನುಸುಳಿದ.

ಗೇಟಿನ ಆಚೆ ಅವನ ಮಾವ ನಿಂತಿದ್ದರು. ಮೀಸೆಯಲ್ಲಿ ಬನ್ನಿನ ಚೂರು, ಕೈಯಲ್ಲಿ ಕೊರಳಪಟ್ಟಿ.

"ಅಳಿಯಂದಿರೇ, ಇದು ನಿಮ್ದೇ ಅಲ್ವಾ? ವಾಕಿಂಗ್ ಹೊರಟೆ, ಬೇಲಿ ಹತ್ರ ಬಿದ್ದಿತ್ತು. ಹೇಗೂ ಈ ಕಡೇನೇ ಬರ್ತೀನಲ್ಲ, ಕೊಟ್ಟು ಹೋಗೋಣ ಅಂತ."

"ಮಾವ, ನೀವು... ಈ ದಾರೀಲಿ ಯಾಕೆ ಬಂದ್ರಿ?"

"ನೀವೇ ಊಟದ ಮೇಜಿನ ಮೇಲೆ ನಕ್ಷೆ ಬಿಟ್ಟಿದ್ರಲ್ಲ. ಹಸಿರು ಗೆರೆ ಹಿಡಿದು ನಡೆದ್ರೆ ಬಿಸಿಲಿಲ್ಲ, ಏರಿಲ್ಲ, ನಾಯಿ ಕಾಟ ಇಲ್ಲ. ಒಂದು ವಾರದಿಂದ ಇದೇ ದಾರಿ. ನನ್ನ ಮಂಡಿ ನೋವು ಗೊತ್ತಿದ್ದೇ ಮಾಡಿದ್ದೀರಿ ಅಂದ್ಕೊಂಡೆ."

ನಕ್ಷೆ ಪಟ್ಟಿಯನ್ನು ಕಸಿದುಕೊಂಡು ಅದರ ಸ್ವಿಚ್ಚು ಆರಿಸಿದ. ಒಳಗಿನಿಂದ ಮೇಲಧಿಕಾರಿಯ ದನಿ ಕೇಳಿತು: "ಸಿಕ್ತೇನಪ್ಪಾ?"

"ಓಡಿಹೋಯ್ತು ಸಾರ್," ಎಂದುಬಿಟ್ಟ.

ಪಟ್ಟಿಯನ್ನು ಕಿಸೆಗೆ ತುರುಕಿಕೊಂಡು ಒಳಗೆ ಬಂದಾಗ ಎಂಜಿನಿಯರು ಫೈಲಿನ ಮೇಲೆ ಬರೆಯುತ್ತಿದ್ದರು.

"ನೀವು ಹೇಳಿದ್ದೇ ಜಾಗ, ಒಪ್ಪಿದೆ. ಒಂದೇ ಷರತ್ತು. ಒಂದು ದಿನ ನೋಡಿ ಸಹಿ ಹಾಕಿದ್ರೆ ನಮ್ಮ ಮೇಲಿನವರು ನನ್ನ ಬಿಡಲ್ಲ. ಇನ್ನು ಒಂದು ತಿಂಗಳು ಇದೇ ನರಿ ದಿನಾ ನಾಲ್ಕಕ್ಕೆ ಇದೇ ದಾರೀಲಿ ಬರೋದನ್ನ ತೋರಿಸಿ. ತಪ್ಪಿದ್ರೆ ಜಲ್ಲಿ ಗುಡ್ಡೇನೇ."

"ಅದಕ್ಕೇನು, ತೋರಿಸ್ತಾನೆ," ಎಂದರು ಮೇಲಧಿಕಾರಿ.

ನಕ್ಷೆ ಮತ್ತೆ ಗೇಟಿಗೆ ಓಡಿದ. "ಮಾವ, ನಾಳೆಯೂ ವಾಕಿಂಗ್ ಬರ್ತೀರಲ್ಲ?"

"ಎಲ್ಲಿ ಬರ್ಲಿ? ಬೆಳಿಗ್ಗೆ ಬಸ್ಸಿಗೆ ದೊಡ್ಡ ಮಗಳ ಮನೆಗೆ ಹೊರಟೆನಲ್ಲ. ಬರೋದು ಎರಡು ತಿಂಗಳಾಗುತ್ತೆ."

ಅವರು ಹೋದ ಮೇಲೆ ನಕ್ಷೆ ಕಿಸೆಯಿಂದ ಪಟ್ಟಿ ತೆಗೆದು ತನ್ನ ಮುಂಗೈಗೇ ಸುತ್ತಿ ಅಳತೆ ನೋಡಿದ. ಆಮೇಲೆ ಒಳಗೆ ಬಂದು, ಒಂದು ತಿಂಗಳು ದಿನಾ ಮೂರೂವರೆಗೇ 'ಹೊರಗಿನ ಕೆಲಸ'ಕ್ಕೆ ಹೊರಡಲು ಅನುಮತಿ ಬೇಡಿ ಅರ್ಜಿ ಬರೆದ. ಸಹಿ ಹಾಕುವಾಗ, ಈ ಸಂಗತಿ ಯಾರಿಗೂ, ಹೆಂಡತಿಗೂ, ಹೇಳುವುದಿಲ್ಲವೆಂದು ತೀರ್ಮಾನಿಸಿಕೊಂಡ.