ಹುಳ ಸಾಕಿದ ಗಿರಣಿ ಸಾಹುಕಾರ

ಅಕ್ಕಿ ಗಿರಣಿ ಇಟ್ಟುಕೊಂಡು, ಅಕ್ಕಿಹುಳಕ್ಕೆ ಊಟ ಹಾಕಿ ಸಾಕಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು, ನನ್ನ ಸ್ವಂತ ಸೋದರಮಾವ!

ಕಂಪ್ಲಿಯಲ್ಲಿ ಅವನ ಗಿರಣಿ. ಮಗಳು ಕೀಟಶಾಸ್ತ್ರವನ್ನು ಅರೆದು ಕುಡಿದವಳು. ಆದರೆ ಕಳೆದ ಸಲ ಇಂಟರ್‌ವ್ಯೂನಲ್ಲಿ ಅಷ್ಟು ಜನರನ್ನು ಎದುರಿಗೆ ಕಂಡದ್ದೇ ಬಾಯಿ ಕಟ್ಟಿ, ತನ್ನ ಹೆಸರಷ್ಟೇ ಹೇಳಿ ಎದ್ದು ಬಂದಿದ್ದಳು. ಈಗ ಹೊಸಪೇಟೆಯಲ್ಲಿ ಮತ್ತೊಂದು ಇಂಟರ್‌ವ್ಯೂ. ಇದರಲ್ಲೂ ಹಾಗೇ ಆದರೆ ಇನ್ನೆಂದೂ ಹೋಗುವುದಿಲ್ಲ ಎಂದುಬಿಟ್ಟಳು.

"ಹಂಗ್ಯಾಕ ಆಗತೈತಿ? ತಯಾರಿ ನಾ ಮಾಡಸ್ತೀನಿ!" ಎಂದ ಮಾವ. ವಿಜ್ಞಾನದ ಪಾಠ ಬಂದಾಗಲೆಲ್ಲ ಶಾಲೆಯ ಗೋಡೆ ಹಾರಿದ ಮಾವ!

ಅಂದಿನಿಂದ ಮನೆಯಲ್ಲಿ ಕೀಟಹತ್ಯೆ ನಿಷೇಧ. ಅತ್ತೆ ಜಿರಳೆಗೆ ಪೊರಕೆ ಎತ್ತಿದರೆ, "ಲೇ, ಬ್ಯಾಡ! ಅದು ಇಂಟರ್‌ವ್ಯೂ ಪೋರ್ಷನ್ನಾಗ ಐತಿ!"

ಅತ್ತೆ ಸುಮ್ಮನಿರುವವಳೇ? "ನಿಮ್ಮನ್ನೂ ಪೋರ್ಷನ್ನಾಗ ಇಟ್ಟಾರೇನ್ರೀ? ಇಷ್ಟ್ ವರ್ಷ ಆತು, ನನಗಿನ್ನಾ ತಿಳೀವಲ್ರಿ!"

ಮಗಳು ನೋಡಿ ಕಲಿಯಲೆಂದು ಗಿರಣಿಯಲ್ಲಿ ಒಂದು ಚೀಲ ಅಕ್ಕಿ ಹುಳಗಳಿಗೇ ಮೀಸಲಾಯಿತು. ಕೊಳ್ಳಲು ಬಂದವನೊಬ್ಬ ಅದಕ್ಕೇ ಕೈ ಹಾಕಬೇಕೆ! "ಸಾಹುಕಾರ್ರ, ಅಕ್ಕ್ಯಾಗ ಹುಳ ಅದಾವಲ್ರಿ!"

ಬೇರೆಯವರಾಗಿದ್ದರೆ ಕೈಮುಗಿದು ಚೀಲ ಬದಲಿಸುತ್ತಿದ್ದರು. ಮಾವ ಎದೆಯುಬ್ಬಿಸಿ, ಮಗಳ ಪುಸ್ತಕದಲ್ಲಿದ್ದ ಹೆಸರನ್ನೇ ಹಿಡಿದು, "ಹುಳ ಅನಬ್ಯಾಡ. ಸೈಟೋಫಿಲಸ್ ಒರೈಜೇ ಅನ್ನು!" ಎಂದ. ಅದ್ಯಾವುದೋ ಹೊಸ ಜ್ವರವೆಂದು ತಿಳಿದ ಗಿರಾಕಿ ನೇರ ಎದುರಿನ ಗಿರಣಿಗೆ ಓಡಿದ.

ಸಂಜೆಯಾದರೆ ಇಂಟರ್‌ವ್ಯೂ ಅಭ್ಯಾಸ. ಹಮಾಲರು, ಅತ್ತೆ, ನಾನು ಇಂಟರ್‌ವ್ಯೂ ಮಾಡುವವರಂತೆ ಚೀಲಗಳ ಮೇಲೆ ಸಾಲಾಗಿ ಕೂತು ಮುಖ ಗಂಟು ಹಾಕಬೇಕು. ಗಿರಣಿ ಮಾತ್ರ ಓಡುತ್ತಲೇ ಇರಬೇಕು! ಆ ಸದ್ದನ್ನು ಮೀರಿ ಮಗಳು ಉತ್ತರ ಕೊಡಬೇಕು.

"ಸೊಳ್ಳಿ ಸಾಹುಕಾರ್ರನ್ನ ಬಿಟ್ಟು ನನ್ನ ಯಾಕ ಕಡೀತೈತ್ರಿ?" ಎಂದು ಒಬ್ಬ ಹಮಾಲ ಕೇಳಿದ. ಅವಳು ಬೆವರಿನ ವಾಸನೆ, ಉಸಿರು ಎಂದೇನೋ ತೊದಲಿದಳು.

"ಕೇಳ್ಸವಲ್ದು! ಇನ್ನೊಮ್ಮೆ ಹೇಳ್ರೀ ಮೇಡಂ!" ಎಂದು ಮಾವ ಅರಚಿದ. ಮಗಳಿಗೆ ಮೇಡಂ! ಅವಳು ನಕ್ಕು, ಗಂಟಲು ಹರಿಯುವಂತೆ ಮತ್ತೆ ಹೇಳಿದಳು.

ಆ ದಿನ ಬಂತು. ಹೊಸಪೇಟೆಯ ಕಚೇರಿಯ ಹೊರಗೆ ಮಾವನೂ ನಾನೂ ಕಾದೆವು. ಅವಳು ಹೊರಬಂದಳು.

"ನಾವ್ ಕೇಳಿದ್ ಪ್ರಶ್ನಿ ಬಂದ್ವೇನವಾ?" ಎಂದ ಮಾವ.

"ಒಂದೂ ಬರ್ಲಿಲ್ಲಪ್ಪಾ."

ಮಾವನ ಮುಖ ಬಾಡಿತು.

"ಆದ್ರ ಅವ್ರು ಕೇಳಿದ್ದಕ್ಕೆಲ್ಲಾ ಉತ್ರ ಹೇಳಿದೆ. ತಿಳೀದಿದ್ದನ್ನ ತಿಳಿಯಂಗಿಲ್ಲ ಅಂತನೂ ಹೇಳಿದೆ. ಒಬ್ರು, 'ಸ್ವಲ್ಪ ಮೆಲ್ಲಗೆ ಮಾತಾಡಮ್ಮ' ಅಂದ್ರು!"

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಅವನ ಕೈಯಲ್ಲಿದ್ದ ಫೋನಿನಿಂದ ಅತ್ತೆ, "ಏನಾತ್ರೀ? ಮಾತಾಡಿದ್ಲೇನು?" ಎಂದು ಕೇಳುತ್ತಲೇ ಇದ್ದಳು. ಮಾವ ಬಾಯಿ ತೆರೆದ, ಮುಚ್ಚಿದ. ಫೋನನ್ನು ನನ್ನ ಕೈಗಿಟ್ಟು, "ನೀನ ಹೇಳಪಾ" ಎಂದು ಗೋಡೆಯ ಕಡೆ ತಿರುಗಿ ನಿಂತ.